ವ್ರತ ಮತ್ತು ಮರೆವು

ಬಳ್ಳಾರಿಯ ಬ್ರೂಸ್‌ಪೇಟೆಯ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ಶ್ರಾವಿಕೆಯೊಬ್ಬರನ್ನು ಭಾವಿಸಿಕೊಳ್ಳಬಹುದು. ಬಹುಕಾಲದ ಮಧುಮೇಹ, ಅದಕ್ಕೂ ಹಿಂದಿನಿಂದ ಅಷ್ಟಮಿ-ಚತುರ್ದಶಿಗಳ ಪ್ರೋಷಧೋಪವಾಸ. ಈಗೀಗ ಉಪವಾಸದ ದಿನ ಮಧ್ಯಾಹ್ನವಾಗುತ್ತಲೇ ಮಾತು ತಡವರಿಸುತ್ತದೆ, ಕೇಳಿದ್ದನ್ನೇ ಕೇಳುತ್ತಾರೆ. ಒಮ್ಮೆ ವ್ರತವನ್ನೇ ಮರೆತು ಬಾಳೆಹಣ್ಣು ತಿಂದು, ಸಂಜೆ ನೆನಪಾದಾಗ ಕಣ್ಣೀರಿಡುತ್ತಾರೆ. “ಅವ್ವಾ, ಇನ್ನು ಉಪವಾಸ ಸಾಕು” ಎಂದ ಮಗನಿಗೆ, “ಅದನ್ನೂ ಬಿಟ್ಟರೆ ನನ್ನದೆಂಬುದು ಏನುಳಿಯಿತಪ್ಪಾ?” ಎಂದು ಅವರು ಕೇಳಿದರೆ ಉತ್ತರ ಸುಲಭವಲ್ಲ.

ಆ ಕಣ್ಣೀರಿಗೆ ಶಾಸ್ತ್ರಾಧಾರವೂ ಇದ್ದಂತೆ ತೋರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಾಮಾಯಿಕ, ಪ್ರೋಷಧೋಪವಾಸ ಇವೆರಡರ ಅತಿಚಾರಗಳಲ್ಲಿಯೂ ಸ್ಮೃತ್ಯನುಪಸ್ಥಾನ, ಎಂದರೆ ಮರೆವು, ಎಣಿಸಲ್ಪಟ್ಟಿದೆ. ಆದರೆ ಅದು ಯಾವುದರ ಪಕ್ಕದಲ್ಲಿದೆಯೆಂಬುದನ್ನು ಗಮನಿಸಬೇಕು. ಎರಡು ಕಡೆಯೂ ಅದರ ಹಿಂದೆಯೇ ಇರುವುದು ಅನಾದರ. ಆದರವಿಲ್ಲದ ಚಿತ್ತದಿಂದ ಹುಟ್ಟುವ ಮರೆವು ದೋಷವೆಂಬುದು ಇದರಿಂದ ಸ್ಪಷ್ಟ. ಆದರವಿದ್ದೂ ರೋಗವು ಕಸಿದುಕೊಂಡ ನೆನಪನ್ನು ಅದರೊಡನೆ ಸೇರಿಸುವುದು ನ್ಯಾಯವೆನಿಸದು.

ಇಷ್ಟಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರವಾದ ಮೆದುಳು, ವಿಶ್ರಾಂತಿಯಲ್ಲಿಯೂ ದೇಹಶಕ್ತಿಯ ಐದನೆಯ ಒಂದು ಪಾಲನ್ನು ವ್ಯಯಿಸುತ್ತದೆ. ಇನ್‌ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಆಹಾರ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಬುದ್ಧಿ ಮಂಕಾಗುತ್ತದೆ. ಔಷಧವನ್ನು ತಾನಾಗಿ ಬಿಟ್ಟರೆ ಬೇರೊಂದು ಅಪಾಯ. ಇಂತಹ ತೀವ್ರ ಕುಸಿತಕ್ಕೆ ಪದೇಪದೇ ಒಳಗಾದ ವೃದ್ಧರಲ್ಲಿ ಮರೆವಿನ ರೋಗ ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ಮರೆವು ನಿರ್ದೋಷವಿರಬಹುದು, ಮರೆವನ್ನು ತರುವುದೆಂದು ತಿಳಿದೂ ಕೈಗೊಂಡ ಉಪವಾಸ ನಿರ್ದೋಷವೆ? ಅಲ್ಲಿ ಪ್ರಮಾದವಿದೆ. ಷೋಡಶ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಆಚಾರ್ಯರು ವ್ಯರ್ಥವಾಗಿ ಸೇರಿಸಿಲ್ಲ.

ಈ ಸಂದರ್ಭದಲ್ಲಿ ಸಮಂತಭದ್ರಾಚಾರ್ಯರ ವೃತ್ತಾಂತ ಸ್ಮರಣೀಯ. ಭಸ್ಮಕ ವ್ಯಾಧಿಯಿಂದ ಪೀಡಿತರಾಗಿ, ಮುನಿಚರ್ಯೆಯ ಮಿತಾಹಾರದಿಂದ ಅದು ಶಮನವಾಗದಿರಲು, ಅವರು ಗುರುಗಳಲ್ಲಿ ಸಲ್ಲೇಖನೆಯನ್ನು ಯಾಚಿಸಿದರೆಂದು ಪರಂಪರೆ ಹೇಳುತ್ತದೆ. ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟು, ಹೊಟ್ಟೆತುಂಬ ಉಂಡು, ರೋಗಮುಕ್ತರಾಗಿ ಪುನಃ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರು. ಮಹಾವ್ರತವನ್ನೇ ಕೆಲಕಾಲ ಇಳಿಸಿಡಬೇಕಾಯಿತು! ಮುಂದೆ ರತ್ನಕರಂಡಕದಲ್ಲಿ ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ ಮಾತ್ರ ಸಲ್ಲೇಖನೆಯನ್ನು ಹೇಳಿದವರೂ ಅವರೇ. ಮಧುಮೇಹಕ್ಕಾದರೋ ಪ್ರತೀಕಾರವುಂಟು.

ಹಾಗಾದರೆ ಆ ತಾಯಿಗೆ ಉಳಿಯುವುದೇನು? ಬಾಹ್ಯ ತಪಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ವೈದ್ಯರನ್ನು ಕೇಳಿ, ಪರ್ವದಿನದಲ್ಲಿ ತುಪ್ಪವನ್ನೋ ಉಪ್ಪನ್ನೋ ಬಿಟ್ಟು ಹೊತ್ತಿಗೆ ಸರಿಯಾಗಿ ಉಂಡರೆ ಅದು ರಸಪರಿತ್ಯಾಗ. ಉಳಿದ ಭಾರ ಮನೆಯವರದು. ಆಭ್ಯಂತರ ತಪಗಳಲ್ಲಿ ವೈಯಾವೃತ್ತ್ಯವುಂಟು. ಸೂತ್ರದಲ್ಲಿ ಅದು ಮುನಿಗಳ ಪ್ರಸಂಗದಲ್ಲಿ ಬಂದಿದ್ದರೂ, ರೋಗಿಯ ಸೇವೆಯನ್ನು ಮನೆಯಲ್ಲಿ ಮಾಡಲಾಗದೆಂದು ಯಾರೂ ಹೇಳಿಲ್ಲ. ತಾಯಿಯನ್ನು ಕೂರಿಸಿಕೊಂಡು ಣಮೋಕಾರವನ್ನು ಜೊತೆಯಲ್ಲಿ ಹೇಳಿಸುವುದು, “ಇಂದು ಅಷ್ಟಮಿಯೇನಪ್ಪಾ?” ಎಂದು ನಾಲ್ಕನೆಯ ಸಲ ಕೇಳಿದಾಗಲೂ ಮೊದಲ ಸಲದ ದನಿಯಲ್ಲಿಯೇ “ಹೌದವ್ವಾ” ಎನ್ನುವುದು ಮಗನ ಪಾಲಿಗೆ ಬಂದ ತಪಸ್ಸು. ಅದು ನಿರಾಹಾರಕ್ಕಿಂತ ಕಠಿನವೆಂದು ಆಚರಿಸಿದವರು ಬಲ್ಲರು.