ಹೆಬ್ಬೆರಳಿನಿಂದ ಸೊಂಟದವರೆಗೆ

ಹಿಂಗಾರಿ ಜೋಳ ಕೊಯ್ದ ಮೇಲೆ ಗದಗ ಸೀಮೆಯ ಹರ್ತಿಯ ಎರಿ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚದೆ ಬಿಡುವುದಿಲ್ಲ. ಹೆಬ್ಬೆರಳಿಗೆ ಚುಚ್ಚಿದ್ದನ್ನು ಬೆನ್ನುಹುರಿಗೆ ಮುಟ್ಟಿಸುವುದು ಒಂದೇ ಒಂದು ಜೀವಕೋಶ. ಅದರ ಒಡಲು ಸೊಂಟದ ಬಳಿ, ಬೆನ್ನುಹುರಿಯ ಪಕ್ಕದಲ್ಲಿದೆ. ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರಲಿಕ್ಕಿಲ್ಲ. ಅಲ್ಲಿಂದ ಹೊರಟ ಎಳೆ, ಅಂದರೆ ಆಕ್ಸಾನ್, ಹತ್ತಿರಹತ್ತಿರ ಒಂದು ಮೀಟರ್ ಇಳಿದು ಬೆರಳ ತುದಿ ಸೇರುತ್ತದೆ. ಎಷ್ಟು ಸಲ ನೆನೆದರೂ ನನಗೆ ಇದರ ಬೆರಗು ಸವೆದಿಲ್ಲ.

ಅಷ್ಟು ದೂರದ ತುದಿಯನ್ನು ಸಾಕುವುದು ಹೇಗೆ? ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ಒಡಲಲ್ಲೇ ತಯಾರಾಗಿ ಸಾಗಿಬರಬೇಕು. 1985ರಲ್ಲಿ ಗುರುತಿಸಲಾದ ಕೈನೆಸಿನ್ ಎಂಬ ಅಣು, ಹೆಜ್ಜೆಗೆ 8 ನ್ಯಾನೋಮೀಟರಿನಂತೆ, ಸರಕು ಹೊತ್ತು ನಡೆಯುತ್ತದೆ. ಅವಸರದ ಸರಕು ದಿನಕ್ಕೆ 40 ಸೆಂಟಿಮೀಟರ್ ಹೋದೀತು. ಎಳೆಗೆ ಕಸುವು ಕೊಡುವ ಪ್ರೋಟೀನುಗಳದು ಮಾತ್ರ ದಿನಕ್ಕೆ ಮಿಲಿಮೀಟರಿನ ಲೆಕ್ಕ. ಇಂದು ಹೆಬ್ಬೆರಳು ಮುಟ್ಟಿದ ಅಂಥದೊಂದು ಪ್ರೋಟೀನು ಸೊಂಟ ಬಿಟ್ಟು ಎರಡು-ಮೂರು ಮಳೆಗಾಲ ಕಳೆದಿರಬಹುದು.

ಈ ನಡಿಗೆಯನ್ನು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ ಸಂಧ್ಯಾ ಕೌಶಿಕ ಮತ್ತು ಸಂಗಡಿಗರು ಜೀವಂತ ಹುಳುವಿನಲ್ಲೇ ಕಂಡರು. ಮಿಲಿಮೀಟರ್ ಉದ್ದದ, ಗಾಜಿನಂತೆ ಪಾರದರ್ಶಕವಾದ ದುಂಡುಹುಳು ಅದು. ಅರಿವಳಿಕೆ ಕೊಟ್ಟರೆ ಸಾಗಾಟದ ಗತಿಯೇ ಕೆಡುತ್ತದೆ. ಅದಕ್ಕೆಂದೇ ತೆಳು ಪೊರೆಯೊಂದರಿಂದ ಹುಳುವನ್ನು ಮೆಲ್ಲಗೆ ಒತ್ತಿಹಿಡಿಯುವ ಸಣ್ಣ ಸಾಧನ ಮಾಡಿ, 2011ರಲ್ಲಿ ಅದರ ವಿವರ ಪ್ರಕಟಿಸಿದರು. ಸೂಕ್ಷ್ಮದರ್ಶಕದಡಿ ಹೊಳೆಯುವ ಚುಕ್ಕೆಗಳು ಎಳೆಯ ಮೇಲೆ ಹೋಗುತ್ತವೆ, ನಿಲ್ಲುತ್ತವೆ, ಕೆಲವು ಹಿಂದಕ್ಕೂ ತಿರುಗುತ್ತವೆ. ಸಾಗಾಟ ಕೆಡದಂತೆ ನೋಡುವ ಈ ತಾಳ್ಮೆಯೇ ನನಗೆ ದೊಡ್ಡದು.

ಎಳೆ ಕಡಿದರೆ? ಒಡಲಿನಿಂದ ಬೇರಾದ ಭಾಗ ಸಾಯುವುದನ್ನು ವಿಜ್ಞಾನಿ ವಾಲರ್ 1850ರಲ್ಲೇ ಕಪ್ಪೆಯ ನಾಲಗೆಯ ನರದಲ್ಲಿ ಕಂಡಿದ್ದ. ಅನ್ನವಿಲ್ಲದೆ ಸಾಯುತ್ತದೆ ಎಂದೇ ಎಲ್ಲರೂ ನಂಬಿದ್ದರು. 1989ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿಚಿತ್ರ ತಳಿಯ ಇಲಿಗಳು ಕಣ್ಣಿಗೆ ಬಿದ್ದವು: ಒಂದೆರಡು ದಿನದಲ್ಲಿ ಪುಡಿಯಾಗಬೇಕಿದ್ದ ಕಡಿದ ನರ ವಾರಗಟ್ಟಲೆ ಗಟ್ಟಿಯಾಗಿತ್ತು. ಸಾಮಾನ್ಯವಾಗಿ ಕಡಿದ ಎಳೆ ಸಾಯುವುದೇಕೆಂಬುದು 2012ರಲ್ಲಿ ತಿಳಿಯಿತು. ಸಾರ್ಮ್1 ಎಂಬ ಪ್ರೋಟೀನು ಪ್ರತಿ ಎಳೆಯಲ್ಲೂ ಸುಮ್ಮನಿದ್ದು, ಕಡಿತವಾದಾಗ ಎಚ್ಚೆತ್ತು ಎಳೆಯನ್ನು ಒಳಗಿನಿಂದಲೇ ಮುರಿಯುತ್ತದೆ.

ತನ್ನನ್ನು ಕೊಲ್ಲುವುದನ್ನು ಎಳೆ ಹೊಟ್ಟೆಯಲ್ಲಿಟ್ಟುಕೊಂಡು ಏಕೆ ಬಾಳಬೇಕು? ಆ ವಿಚಿತ್ರ ಇಲಿಗಳೇ ಒಂದು ಸುಳಿವು ಕೊಟ್ಟಿವೆ: ಹಳೆಯದು ಕರಗದ ಕಡೆ ಹೊಸ ಎಳೆ ಬೆಳೆಯುವುದೂ ತಡವಾಯಿತು. ಮುರಿಯುವುದು ದಾರಿ ಬಿಡಿಸುವ ಕೆಲಸವೂ ಹೌದು. ಕುಡಗೋಲು ತಾಗಿ ತೋಳಿನ ನರ ಕಡಿದು ಹೊಲಿಸಿಕೊಂಡವರಲ್ಲಿ ಹೊಸ ತುದಿ ದಿನಕ್ಕೆ ಸುಮಾರು 1 ಮಿಲಿಮೀಟರ್ ಮುಂದೆ ಸರಿಯುತ್ತದೆ. ವೈದ್ಯರು ನರದ ಮೇಲೆ ಬೆರಳಿನಿಂದ ತಟ್ಟುತ್ತ ಬರುತ್ತಾರೆ. ತುದಿ ತಲುಪಿದ ಜಾಗದಲ್ಲಿ ತಟ್ಟಿದರೆ ಜುಮ್ಮೆನ್ನುವುದು ಅಲ್ಲಲ್ಲ, ದೂರದ ಬೆರಳಲ್ಲಿ. ಟಿನೆಲ್ ಮತ್ತು ಹಾಫ್‌ಮನ್ ಎಂಬಿಬ್ಬರು ಇದನ್ನು 1915ರಲ್ಲೇ, ಯುದ್ಧದಲ್ಲಿ ಎದುರುಬದುರು ನಿಂತ ಫ್ರಾನ್ಸ್, ಜರ್ಮನಿಗಳಲ್ಲಿ, ಬೇರೆಬೇರೆಯಾಗಿ ಬರೆದಿಟ್ಟರು.

ಎಲ್ಲ ಕಡೆಯೂ ಸಾರ್ಮ್1 ಮಾಡುವ ಮುರಿತ ಹಿತವಲ್ಲ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ಸರಕು ಸಾಗುವ ಹಳಿಗಳನ್ನೇ ಕೆಡಿಸುವುದರಿಂದ ಮಕ್ಕಳ ಕೈಕಾಲು ಜೋಮು ಹಿಡಿಯುತ್ತವೆ. ಸಾರ್ಮ್1 ಇಲ್ಲದ ಇಲಿಗಳಿಗೆ ಅದೇ ಮದ್ದು ಕೊಟ್ಟರೆ ಎಳೆಗಳು ಉಳಿಯುತ್ತವೆ ಎಂದು 2016ರಲ್ಲಿ ಗೊತ್ತಾಯಿತು. ಸಾರ್ಮ್1 ಅನ್ನು ತಡೆಯುವ ಔಷಧಿಗಳ ಪರೀಕ್ಷೆ ಈಗ ಮನುಷ್ಯರಲ್ಲೂ ಶುರುವಾಗಿದೆ.