ಖಾಲಿ ಜಾಗ

ಬೇಸಿಗೆಯಲ್ಲಿ ಒಂದು ರಾತ್ರಿ ಡೇರೆ ಹಾಕಿ ಬಯಲಲ್ಲಿ ಮಲಗಬೇಕೆನ್ನುವವರು ಹತ್ತಿರದ ಖಾಲಿ ಜಾಗವನ್ನು ಹುಡುಕುತ್ತಾರೆ. ಬುಧವಾರ ಹೋದರೆ ಜನಸಂದಣಿಯೂ ಇಲ್ಲವೆನ್ನುತ್ತಾರೆ. ಆದರೆ ಜನರಿಲ್ಲದ ಜಾಗವೆಲ್ಲ ಖಾಲಿಯೆ?

ಕೂಡ್ಲಿಗಿ ಸೀಮೆಯ ಗುಡೇಕೋಟೆಯ ಕಲ್ಲುಗುಡ್ಡಗಳಲ್ಲಿ 2013ರಿಂದ ಕರಡಿಧಾಮವಿದೆ. ನಾವು ಮಲಗುವ ಹೊತ್ತು ಕರಡಿ ಆಹಾರಕ್ಕೆ ಹೊರಡುವ ಹೊತ್ತು. ಅದಕ್ಕೆ ಬುಧವಾರವೂ ಒಂದೇ, ಭಾನುವಾರವೂ ಒಂದೇ. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರದ ಕೆರೆ ಹಕ್ಕಿಗಳ ಮನೆ. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಬೇಸಿಗೆಯಲ್ಲಿ ನೀರು ಉಳಿದಲ್ಲಿಗೇ ನಮ್ಮ ಕಣ್ಣು ಹೋಗುತ್ತದೆ. ಬಾಯಾರಿದ ಜೀವಿಗಳೂ ಅಲ್ಲಿಗೇ ಬರುತ್ತವೆ. ನೀರು ನಮಗೆ ನೋಟ, ಅವಕ್ಕೆ ಪ್ರಾಣ.

ಹಡಗಲಿ, ಹರಪನಹಳ್ಳಿಗಳ ಕುರಿಗಾಹಿಗಳಿಗೆ ಬಯಲಲ್ಲಿ ಮಲಗುವುದು ಹೊಸದಲ್ಲ. ಕೊಯ್ಲಾದ ಹೊಲಕ್ಕೆ ಒಡೆಯನೇ ಅವರನ್ನು ಕರೆಯುತ್ತಾನೆ; ಮಂದೆ ತಂಗಿದರೆ ನೆಲಕ್ಕೆ ಗೊಬ್ಬರ. ಕರೆದಲ್ಲಿ ತಂಗುವುದು, ಕೊಟ್ಟು ಏಳುವುದು: ತಂಗುವವರ ನೀತಿ ಇಷ್ಟೇ. ಕುರಿಯಷ್ಟು ಕೊಡುವ ಯೋಗ್ಯತೆ ನಮಗಿಲ್ಲ. ಕೇಳಿ ತಂಗಬಹುದು, ಕಸ ಬಿಡದೆ ಏಳಬಹುದು.

ಅದಕ್ಕೇ ನನ್ನ ಮನಸ್ಸು ಕೊಟ್ಟೂರಿನ ಆಚೆ, ಪರಿಚಿತ ರೈತರ ಒಣಹೊಲವೊಂದಕ್ಕೆ ಒಲಿಯುತ್ತದೆ. ಅಲ್ಲಿ ಏನಿದೆ ನೋಡಲು ಎನ್ನಬಹುದು. ಆಕಾಶವಿದೆ, ನಾವು ಎಷ್ಟು ನೋಡಿದರೂ ಅದರಲ್ಲಿ ಇನ್ನೊಬ್ಬರ ಪಾಲು ಕಡಿಮೆಯಾಗದು.