ಎದ್ದು ಹೋಗಲಾರದವರ ಗಾಳಿ

ಒಬ್ಬ ಮನುಷ್ಯನ ಚಟಕ್ಕೂ ಸರಕಾರಕ್ಕೂ ಏನು ಸಂಬಂಧ? ಪ್ರಶ್ನೆ ಹಳೆಯದು. ಆದರೆ ನಮ್ಮ ಚಿಕ್ಕೋಡಿ-ನಿಪ್ಪಾಣಿಯ ಸೀಮೆಯಲ್ಲಿ ಅದನ್ನು ಕೇಳಿದರೆ ಬೇರೊಂದು ಖಾರ ಅದಕ್ಕೆ ಕೂಡಿಕೊಳ್ಳುತ್ತದೆ. ತಂಬಾಕು ಇಲ್ಲಿ ಬರಿಯ ಚಟದ ಹೆಸರಲ್ಲ. ಅದು ಹೊಲದ ಬೆಳೆ, ವಖಾರದ ಕೂಲಿ, ಮಗಳ ಮದುವೆಯ ಖರ್ಚು. 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ನ್ಯಾಯವಾದ ಬೆಲೆ ಕೇಳಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತುದೂ, ಏಪ್ರಿಲ್ 6ರ ಗೋಲಿಬಾರಿನಲ್ಲಿ ಹಲವರು ಪ್ರಾಣ ತೆತ್ತುದೂ ಈ ಎಲೆಯ ಸಲುವಾಗಿಯೇ. ಇಂಥ ನೆಲದಲ್ಲಿ, ತಂಬಾಕು ನಿಷಿದ್ಧವೆಂಬ ಫಲಕವನ್ನು ಕಚೇರಿಯ ಗೋಡೆಯ ಮೇಲೆ ಕಂಡವನಿಗೆ ಒಂದು ಕ್ಷಣ ನಗೆ ಬಂದರೆ ಆಶ್ಚರ್ಯವಿಲ್ಲ.

ಕಟ್ಟಳೆಗಳೇನೋ ಒಂದರ ಬೆನ್ನಿಗೊಂದು ಬಂದಿವೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುವ ನಿಯಮ 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಜಾರಿಯಲ್ಲಿದೆ. ಸರಕಾರಿ ನೌಕರರು ಕಚೇರಿಯಲ್ಲಾಗಲಿ ಅದರ ಆವರಣದಲ್ಲಾಗಲಿ ಸಿಗರೇಟು, ಗುಟಕಾ ಮೊದಲಾದುವನ್ನು ಮುಟ್ಟಕೂಡದೆಂದು ರಾಜ್ಯ ಸರಕಾರ 2024ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ದಂಡವನ್ನು 200 ರೂಪಾಯಿಯಿಂದ 1000 ರೂಪಾಯಿಗೆ ಏರಿಸಿತು. ಇದಕ್ಕೆ ನಮ್ಮ ಕಡೆಯವರ ಆಕ್ಷೇಪ ಸರಳವಾದುದು: ತಂಬಾಕಿನ ತೆರಿಗೆಯನ್ನು ಎಣಿಸಿಕೊಳ್ಳುವ ಸರಕಾರ ತನ್ನ ಅಂಗಳದಲ್ಲಿ ಮಾತ್ರ ಹೊಗೆ ಬೇಡವೆನ್ನುವುದು ಆಚಾರ ಹೇಳಿ ಬದನೆಕಾಯಿ ತಿಂದಂತಲ್ಲವೆ?

ಈ ಆಕ್ಷೇಪಕ್ಕೆ ಆರೋಗ್ಯಶಾಸ್ತ್ರದಿಂದ ಉತ್ತರ ಕೊಡುವುದು ವಾಡಿಕೆ. ನನಗೆ ಆ ದಾರಿ ಸಾಲದೆಂದು ತೋರುತ್ತದೆ. ವಯಸ್ಸಿಗೆ ಬಂದವನು ತನ್ನ ಪುಪ್ಪುಸವನ್ನು ತಾನೇ ಸುಟ್ಟುಕೊಂಡರೆ ಅವನಿಗೆ ಬುದ್ಧಿ ಹೇಳಬಹುದು. ಬಲಾತ್ಕಾರ ಮಾಡುವ ಹಕ್ಕು ಅಷ್ಟು ಸುಲಭವಾಗಿ ಹುಟ್ಟದು. ನಿಯಮಕ್ಕೆ ಆಧಾರ ಸೇದುವವನ ದೇಹದಲ್ಲಿಲ್ಲ, ಸ್ಥಳದ ಸ್ವಭಾವದಲ್ಲಿದೆ. ಚಹದ ಅಂಗಡಿಯಲ್ಲಿ ಪಕ್ಕದವನ ಹೊಗೆ ಹಿಡಿಸದಿದ್ದರೆ ನಾನು ಎದ್ದು ಹೋಗಬಲ್ಲೆ. ರಾಯಬಾಗದ ತಹಸೀಲ್ದಾರ ಕಚೇರಿಯಲ್ಲಿ ಪಹಣಿಗಾಗಿ ನಿಂತವನು ಎಲ್ಲಿಗೆ ಹೋಗಬೇಕು? ಅಥಣಿಯ ಸರಕಾರಿ ದವಾಖಾನೆಯಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡವಳು ಯಾವ ಬಾಗಿಲಿಗೆ ಹೋಗಬೇಕು? 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಕಾಗವಾಡದ ಕಡೆಯಲ್ಲಿ ಮನೆ ಕಳೆದುಕೊಂಡವರಿಗೆ ಪರಿಹಾರದ ಬಾಗಿಲು ಒಂದೇ ಇತ್ತು, ಅದು ಸರಕಾರದ್ದು. ಅಲ್ಲಿಗೆ ಜನ ತಾವಾಗಿ ಬರುವುದಿಲ್ಲ, ಬರಲೇಬೇಕಾಗಿ ಬರುತ್ತಾರೆ. ಬರಲೇಬೇಕೆಂದು ಕರೆದವನು ಕುಡಿಯುವ ನೀರಿನಂತೆ ಉಸಿರಾಡುವ ಗಾಳಿಗೂ ಹೊಣೆ. ಸರಕಾರಿ ಅಂಗಳದ ನಿಷೇಧವನ್ನು ಮಡಿವಂತಿಕೆಯೆನ್ನಬೇಕಾಗಿಲ್ಲ. ಆತಿಥ್ಯದ ಮೊದಲ ಪಾಠವೆಂದರೆ ಸಾಕು.

ಈಗ ಬಂದಿರುವ ವಿದ್ಯುತ್ ಸಿಗರೇಟು ಈ ತರ್ಕಕ್ಕೆ ಹೊಸ ಪರೀಕ್ಷೆ ಒಡ್ಡಿದೆ. ಚೀನದ ಔಷಧತಜ್ಞ ಹೋನ್ ಲಿಕ್ 2003ರ ಸುಮಾರಿಗೆ ರೂಪಿಸಿದ ಸಲಕರಣೆಯಿಂದ ಬೆಳೆದು ಬಂದುದು ಇದು. ಬ್ಯಾಟರಿಯ ಶಾಖದಿಂದ ನಿಕೋಟಿನ್ ಬೆರೆತ ದ್ರವ ಆವಿಯಂತಾಗುತ್ತದೆ. ಸೇದುವವನು ಅದನ್ನು ಎಳೆದು ಬಿಡುತ್ತಾನೆ. ಬೆಂಕಿಯಿಲ್ಲ, ಬೂದಿಯಿಲ್ಲ, ಬಂದರೆ ಮಾವಿನ ಹಣ್ಣಿನ ವಾಸನೆ. "ಎಲೆ ಸುಡುವುದೇ ಇಲ್ಲವಲ್ಲ, ಕೇಡು ಕಡಿಮೆಯಲ್ಲವೆ?" ಎಂದು ಅದರ ಭಕ್ತರು ಕೇಳುತ್ತಾರೆ. ಸುಡದಿದ್ದರೆ ಡಾಂಬರಿನಂಥ ಅಂಟು ಹುಟ್ಟದೆಂಬುದನ್ನು ಒಪ್ಪೋಣ. ಆದರೂ ಬಿಟ್ಟ ಉಸಿರಿನಲ್ಲಿ ನಿಕೋಟಿನ್ ಇದೆ, ಸೂಕ್ಷ್ಮ ಕಣಗಳಿವೆ. ಎದ್ದು ಹೋಗಲಾರದವನ ಮುಂದೆ ಅದನ್ನು ಬಿಡುವವನು ತೂಕದ ಲೆಕ್ಕ ಹೇಳಿದರೆ ಸಾಲದು, "ನಿನ್ನ ಒಪ್ಪಿಗೆ ಇದೆಯೆ?" ಎಂದು ಕೇಳಿರಬೇಕು.

ಕರ್ನಾಟಕ 2016ರಲ್ಲಿ, ಭಾರತ 2019ರಲ್ಲಿ ಈ ಸಲಕರಣೆಯನ್ನು ನಿಷೇಧಿಸಿದವು. ಕೇಂದ್ರದ ಕಾಯಿದೆ ತಯಾರಿಕೆ, ಆಮದು, ಸಾಗಾಟ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ಹೆಸರಿಸುತ್ತದೆ. ಸೇದುವ ಕ್ರಿಯೆಯನ್ನು ಮಾತ್ರ ಹೆಸರಿಸುವುದಿಲ್ಲ. ಕಾಯಿದೆಯ ಮಾತು ಮುಗಿದ ಆ ಜಾಗದಲ್ಲಿ ನೀತಿಯ ಮಾತು ಶುರುವಾಗುತ್ತದೆ.

ಬೀಡಿ ಪ್ರಾಮಾಣಿಕವಾದ ವಸ್ತು; ತಾನು ಬಂದುದನ್ನು ಹತ್ತು ಮಾರು ದೂರಕ್ಕೇ ಸಾರಿಬಿಡುತ್ತದೆ. ಕಚೇರಿಯ ಮೆಟ್ಟಿಲ ಮೇಲೆ ಬೀಡಿ ಹಚ್ಚಿದ ಮುದುಕ ಸಿಪಾಯಿಯ ಕಣ್ಣಿಗೂ ಮೂಗಿಗೂ ಕೂಡಲೇ ಸಿಕ್ಕುತ್ತಾನೆ. ಒಳಕೋಣೆಯಲ್ಲಿ ಲೇಖನಿಯಷ್ಟು ಉದ್ದದ ಸಲಕರಣೆಯನ್ನು ಅಂಗಿಯ ಕಿಸೆಗೆ ಸೇರಿಸಿದ ಸಾಹೇಬ ಯಾರಿಗೂ ಸಿಕ್ಕುವುದಿಲ್ಲ. ಮೂಗಿಗೆ ಸಿಕ್ಕವನಿಗೆ ಮಾತ್ರ ದಂಡವಾದರೆ ಅದು ಬಡವನ ಮೇಲಿನ ಕಾಯಿದೆಯಾಯಿತು. ಆದುದರಿಂದ ಯಾರನ್ನು ನಿಯಮ ಹಿಡಿಯಲಾರದೋ ಅವನ ಮೇಲೆಯೇ ಅದರ ಭಾರ ಹೆಚ್ಚು. ಸಿಕ್ಕಿಬೀಳುವ ಅಂಜಿಕೆಯಿಂದ ಸುಮ್ಮನಿದ್ದವನದು ಎಚ್ಚರಿಕೆ. ಸಿಕ್ಕಿಬೀಳುವ ಸಂಭವವೇ ಇಲ್ಲದೆ ಸುಮ್ಮನಿದ್ದವನದು ಧರ್ಮ.

ಈ ತತ್ವವನ್ನು ಒಪ್ಪಿದ ಮೇಲೆ ಕಚೇರಿಯ ಕಾಂಪೌಂಡಿನಲ್ಲಿಯೇ ಅದನ್ನು ಕಟ್ಟಿಹಾಕುವುದು ಸಾಧ್ಯವಿಲ್ಲ. ನಿಪ್ಪಾಣಿಯ ವಖಾರಗಳಲ್ಲಿ ತಂಬಾಕನ್ನು ಬಡಿದು, ಜರಡಿ ಹಿಡಿದ ಹೆಂಗಸರು ಹೊಗೆಯನ್ನಲ್ಲ, ಧೂಳನ್ನೇ ಉಸಿರಾಡಿದವರು. ಅವರು ಸಂಘ ಕಟ್ಟಿ ಹೋರಾಡಿದ ಕಥೆಯನ್ನು ಯುಗಾಂತರ ಎಂಬ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಸಂಜೆಯ ಕೂಲಿಯನ್ನು ಬಿಟ್ಟು ಎದ್ದು ಹೋಗುವುದು ಅವರಿಗೂ ಸಾಧ್ಯವಿರಲಿಲ್ಲ. ಬೀಡಿ ಮತ್ತು ಚುಟ್ಟಾ ಕೆಲಸಗಾರರ ಸ್ಥಿತಿಗತಿಗಾಗಿ 1966ರಲ್ಲಿಯೇ ಕಾಯಿದೆ ಬಂದಿತ್ತು; ಕಾಯಿದೆಯ ಕಾಗದ ಧೂಳನ್ನು ತಡೆಯುವುದಿಲ್ಲ.

ಹಾಗೆಂದು ಕಚೇರಿಯ ಫಲಕವನ್ನು ಕಿತ್ತುಹಾಕಬೇಕೆಂದು ನಾನು ಹೇಳಲಾರೆ. ಅದು ಇರಲಿ, ಸಾಹೇಬರ ಒಳಕೋಣೆಯಲ್ಲಿಯೂ ಇರಲಿ. ಎಳೆಯುವವನ ಸುಖಕ್ಕಾಗಿ ಪಕ್ಕದವನು ಕೆಮ್ಮಬಾರದು ಎಂಬ ಮಾತು ನಿಜವಾದರೆ, ಎಲೆಯನ್ನು ಹದಗೊಳಿಸಿ ಕೊಟ್ಟವಳೂ ಕೆಮ್ಮಬಾರದು. ಮೊದಲನೆಯದಕ್ಕೆ ನಾವು ದಂಡವನ್ನು ಗೊತ್ತುಮಾಡಿದ್ದೇವೆ. ಎರಡನೆಯದರ ಲೆಕ್ಕವನ್ನು ಕೇಳುವವರು ಯಾರು?